ಅಮ್ಮನ ಅರ್ಧ ವಾಕ್ಯಗಳು

ಕೆಂಪು ಪೆನ್ನು ಕೈಗೆ ಬಂದರೆ ಸಾಕು, ನನ್ನ ಮುಖವೇ ಬೇರೆಯಾಗುತ್ತದಂತೆ. ನನ್ನ ಟ್ಯೂಷನ್ ಮಕ್ಕಳು ಹೀಗೆ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಬೇರೆ ಹೊತ್ತಿನಲ್ಲಿ ನಾನು ಪಾಪದವಳು. ತರಕಾರಿಯವನು ಕೊಳೆತ ಟೊಮೇಟೊ ತಕ್ಕಡಿಗೆ ಹಾಕಿದರೂ ಏನೂ ಅನ್ನದೆ ಮನೆಗೆ ಬಂದು ಗೊಣಗುವ ಜಾತಿ. ಆದರೆ ಸಂಜೆಯಾಯಿತೆಂದರೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಪಡಸಾಲೆ ಇಂಗ್ಲಿಷ್ ಟ್ಯೂಷನ್ ಆಗುತ್ತದೆ, ನಾನು ಮಿಸ್ ಆಗುತ್ತೇನೆ, ಎಲ್ಲಿ ಎಷ್ಟು ಅಂಕ ಕತ್ತರಿಸಲಿ ಎಂದು ಕೈ ಕಾಯುತ್ತಿರುತ್ತದೆ.

ಮೊನ್ನೆ ನಾಜಿಯಾಳ ಉತ್ತರ ತಿದ್ದುತ್ತಿದ್ದೆ. ಏಳನೇ ತರಗತಿಯ ಹುಡುಗಿ. ರಾಜ ಎಲ್ಲಿಗೆ ಹೋದ ಎಂಬ ಪ್ರಶ್ನೆಗೆ 'ಫಾರೆಸ್ಟ್' ಎಂದಷ್ಟೇ ಬರೆದಿದ್ದಳು. ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕು ಎಂದು ಮೇಲೆಯೇ ಬರೆದಿದೆ. ನಾನು ಅರ್ಧ ಅಂಕ ಕತ್ತರಿಸಿದೆ. ಅವಳು ಹಾಳೆಯನ್ನು ನೋಡಿ, ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದಲೇ ಕೇಳಿದಳು.

"ರಾಜ ಪೂರ್ತಿ ಕಾಡಿಗೇ ಹೋದ ಅಲ್ವಾ ಮಿಸ್? ಅರ್ಧ ದಾರೀಲಿ ವಾಪಸ್ ಬಂದಿಲ್ವಲ್ಲ. ಮತ್ತೆ ಅರ್ಧ ಮಾರ್ಕ್ಸ್ ಯಾಕೆ?"

ಉಳಿದ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡವು. ನಾನು ಗಂಭೀರವಾಗಿ ವಿವರಿಸಿದೆ. ಇಂಗ್ಲಿಷ್ ವಾಕ್ಯಕ್ಕೆ ಮಾಡುವವನೊಬ್ಬ ಬೇಕು, ಅವನು ಮಾಡುವ ಕೆಲಸವೊಂದು ಬೇಕು, ಓದಿದರೆ ಅರ್ಥ ಮುಗಿದಂತಿರಬೇಕು. ಈ ಮೂರೂ ಇದ್ದರೆ ಪೂರ್ಣ, ಒಂದು ತಪ್ಪಿದರೂ ತುಂಡು. ನಾಜಿಯಾ ತಲೆಯಾಡಿಸಿದಳು. ಆಮೇಲೆ, ಹಾಗಾದರೆ 'ಇಟ್ ಈಸ್ ರೈನಿಂಗ್' ಅಂತೀವಲ್ಲ, ಆ 'ಇಟ್' ಯಾರು ಎಂದು ಕೇಳಿದಳು. ಅವತ್ತು ಟ್ಯೂಷನ್ನನ್ನು ಹತ್ತು ನಿಮಿಷ ಮುಂಚೆಯೇ ಬಿಟ್ಟೆ.

ಅಕ್ಕಿ ತೊಳೆಯುವಾಗಲೂ ನನಗೆ ಅದೇ ಯೋಚನೆ. ನಿಜಕ್ಕೂ ಯಾರು ಆ 'ಇಟ್'? ಕನ್ನಡದಲ್ಲಿ ಮಳೆ ತಾನೇ ಬರುತ್ತದೆ, ಹುಯ್ಯುತ್ತದೆ, ಬೇಕಾದಾಗ ಕೈಕೊಡುತ್ತದೆ. ಇಂಗ್ಲಿಷಿನವರಿಗೆ ಹಾಗಾಗುವುದಿಲ್ಲ. ಏನೇ ನಡೆದರೂ ಅದಕ್ಕೊಬ್ಬ ಜವಾಬ್ದಾರ ಬೇಕು. ಯಾರೂ ಸಿಗದಿದ್ದರೆ 'ಇಟ್' ಎಂಬ ಬಡಪಾಯಿಯನ್ನು ಹಿಡಿದು ತಂದು ವಾಕ್ಯದ ಬಾಗಿಲಲ್ಲಿ ನಿಲ್ಲಿಸುತ್ತಾರೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಹಾಲು ಉಕ್ಕಿಹೋಯ್ತು, ಲೋಟ ಒಡೆದುಹೋಯ್ತು, ಬೀಗದಕೈ ಕಳೆದುಹೋಯ್ತು. ಯಾರು ಮಾಡಿದ್ದು? ಯಾರೂ ಇಲ್ಲ. ನಮ್ಮ ಮನೆಯಲ್ಲಿ ಒಡೆದ ಲೋಟಗಳೆಲ್ಲ ತಾವಾಗಿಯೇ ಒಡೆದವು. ನನ್ನ ಯಜಮಾನರಂತೂ ಸ್ಕೂಟರ್ ಕನ್ನಡಿ ಮುರಿದುಕೊಂಡು ಬಂದ ದಿನ, ಕಂಬ ಬಂದು ತಗುಲಿತು ಎಂದಿದ್ದರು.

ಪೂರ್ಣ ವಾಕ್ಯದ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿದ್ದೇನಲ್ಲ, ತಮಾಷೆಯೆಂದರೆ ನಾನು ಹುಟ್ಟಿದ ಮನೆಯಲ್ಲಿ ಅಂಥ ವಾಕ್ಯ ಹುಡುಕಿದರೂ ಸಿಗುತ್ತಿರಲಿಲ್ಲ. ನಾವು ಮಗ್ಗದವರು. ಮನೆಯ ಹಿಂಭಾಗದಲ್ಲೇ ಪವರ್ ಲೂಮುಗಳು. ಕರೆಂಟ್ ಇದ್ದಷ್ಟು ಹೊತ್ತೂ ಅವು ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ 'ಸ್ವಲ್ಪ ಆ ಲಾಳಿ ಕೊಡ್ತೀರಾ' ಎಂದು ಕೇಳುವಷ್ಟರಲ್ಲಿ ಎಳೆ ಹರಿದು ಬಟ್ಟೆ ಕೆಟ್ಟಿರುತ್ತದೆ. ಆದ್ದರಿಂದ 'ಲಾಳಿ' ಎಂದಷ್ಟೇ ಕೂಗಬೇಕು. 'ಎಳೆ' ಎಂದರೆ ಎಳೆ ಹರಿದಿದೆ, ಬಂದು ಕಟ್ಟು ಎಂದು. 'ನೀರು' ಎಂದರೆ ಬಾಯಾರಿದೆ ಎಂದು. ಉಳಿದದ್ದನ್ನು ತುಟಿ ನೋಡಿ, ಹುಬ್ಬು ನೋಡಿ ತಿಳಿದುಕೊಳ್ಳಬೇಕು. ಈ ಅಭ್ಯಾಸ ಮಗ್ಗ ನಿಂತ ಮೇಲೂ ನಿಲ್ಲುತ್ತಿರಲಿಲ್ಲ. ಅಪ್ಪ ಅಮ್ಮ ಊಟಕ್ಕೆ ಕೂತಾಗಲೂ 'ಉಪ್ಪು', 'ಸಾಕು', 'ನಾಳೆ' ಎಂದು ಒಂದೊಂದೇ ಪದ ಎಸೆದುಕೊಂಡು ಇಡೀ ಸಂಸಾರ ಮುಗಿಸುತ್ತಿದ್ದರು. ಅವರಿಬ್ಬರ ಮಧ್ಯೆ ಒಂದು ದಿನವೂ ಜಗಳವಾದದ್ದನ್ನು ನಾನು ನೋಡಿಲ್ಲ. ಒಂದೊಂದೇ ಪದದಲ್ಲಿ ಜಗಳವಾಡುವುದು ಕಷ್ಟ ಎಂದು ಈಗ ಅನ್ನಿಸುತ್ತದೆ.

ಹೆಸರು ಹಿಡಿದು ಕರೆಯುವುದಂತೂ ನಮ್ಮಲ್ಲಿ ಇರಲೇ ಇಲ್ಲ. ಮಗ್ಗದ ಸದ್ದಿನಲ್ಲಿ ಹೆಸರು ಮುಳುಗಿಹೋಗುತ್ತದೆ, ಚಪ್ಪಾಳೆ ಮಾತ್ರ ಮೇಲೆ ತೇಲುತ್ತದೆ. ಅಮ್ಮ ಒಂದು ಚಪ್ಪಾಳೆ ತಟ್ಟಿದರೆ ಅಪ್ಪ ತಿರುಗಿ ನೋಡಬೇಕು. ಎರಡು ತಟ್ಟಿದರೆ ನಾನು. ಮೂರು ತಟ್ಟಿದರೆ ತಮ್ಮ ಮಂಜ. ನಾನು ಎಷ್ಟೋ ಸಲ ಮೂರನೆಯದು ಬೀಳುತ್ತದೇನೋ ಎಂದು ಆಸೆಯಿಂದ ಕಾದು, ಬೀಳದೆ, ಎದ್ದು ಹೋಗಿದ್ದೇನೆ.

ಇಂಥ ಮನೆಯಿಂದ ಶಾಲೆಗೆ ಹೋದವಳ ಪಾಡು ನೀವೇ ಊಹಿಸಿ. ನಮ್ಮ ಇಂಗ್ಲಿಷ್ ಮೇಷ್ಟ್ರು ಒಳ್ಳೆಯವರು, ಸ್ವಲ್ಪ ಹೊಲ ಗದ್ದೆ ಇದ್ದವರು. ವಾಕ್ಯವೆಂದರೆ ಎತ್ತಿನ ಗಾಡಿ ಇದ್ದಹಾಗೆ ಎಂದು ಅವರು ಹೇಳಿಕೊಡುತ್ತಿದ್ದರು. ಎತ್ತಿಲ್ಲದೆ ಗಾಡಿ ಹೋಗುವುದಿಲ್ಲ. ಗಾಡಿ ಕಟ್ಟದಿದ್ದರೆ ಎತ್ತು ಸುಮ್ಮನೆ ಮೇಯುತ್ತಾ ನಿಂತಿರುತ್ತದೆ. ಒಂದು ದಿನ ನಿಮ್ಮ ತಂದೆ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದ್ದು ನಿಂತು, ಮಗ್ಗದ ಮನೆಯ ಗಂಟಲಿನಲ್ಲಿ, 'ಲೂಮ್' ಎಂದು ಕಿರುಚಿದೆ. ಪಕ್ಕದ ತರಗತಿಯ ಟೀಚರು ಇಣುಕಿ ನೋಡಿದರು. ಮೇಷ್ಟ್ರು ಕಿವಿ ಉಜ್ಜಿಕೊಂಡು, ಎತ್ತು ಬಂತು ಕಣಮ್ಮ, ಗಾಡಿ ಎಲ್ಲಿ ಎಂದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಸಹಪಾಠಿಗಳಿಗೆ ನನ್ನ ಅಪ್ಪ ಒಂದು ಯಂತ್ರವಾಗಿಯೇ ಉಳಿದರು. ಅವತ್ತಿನ ಅವಮಾನದಿಂದಲೇ ನಾನು ಇಂಗ್ಲಿಷ್ ಮಿಸ್ ಆದೆನೇನೋ.

ಹಾಗೆಂದು ಅರ್ಧ ವಾಕ್ಯದಿಂದ ಜಗತ್ತೇನೂ ನಿಲ್ಲುವುದಿಲ್ಲ. ಭಾನುವಾರ ಬೆಳಗ್ಗೆ ಬೆಂಗಳೂರಿನ ಹುಡುಗರು ಹುಡುಗಿಯರು ಬೈಕುಗಳಲ್ಲಿ ಬೆಟ್ಟ ಹತ್ತಲು ಹೋಗುತ್ತಾರೆ. ನಮ್ಮ ಅಮ್ಮನ ಮನೆಯ ಮುಂದೆ ಬೈಕು ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಎತ್ತಿ, "ಮಾಕಳಿದುರ್ಗ?" ಎನ್ನುತ್ತಾರೆ. ಎಂಥೆಂಥ ಕಾನ್ವೆಂಟಿನಲ್ಲಿ ಓದಿದವರೋ, ಎತ್ತೂ ಇಲ್ಲ, ಗಾಡಿಯೂ ಇಲ್ಲ. ಅಮ್ಮ ಕೈ ತೋರಿಸಿ "ನೇರ" ಎನ್ನುತ್ತಾಳೆ. ಅವರು ಬೆಟ್ಟ ತಲುಪುತ್ತಾರೆ.

ಬೆಟ್ಟಕ್ಕೆ ದಾರಿ ತೋರಿಸಲು ಸಾಕಾದ ಮಾತು ಸೊಸೆಗೆ ಸಾಕಾಗಲಿಲ್ಲ. ನಾನು ನಿಜವಾಗಿ ಹೇಳಬೇಕೆಂದಿದ್ದು ಇದನ್ನೇ.

ಮಂಜ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಗೇ ಕೆಲಸಕ್ಕೆ ಹೋಗುತ್ತಿದ್ದ ಪವಿತ್ರಾಳ ಪರಿಚಯವಾದದ್ದು ಬಸ್ಸಿನಲ್ಲೇ. ಅವಳದು ಮಧುರೆ ಕಡೆ. ರಾಗಿ, ಅವರೆ ಬೆಳೆಯುವ ಮನೆ. ಹೊಲದವರ ಮಗಳು ಮಗ್ಗದ ಮನೆಗೆ ಬರುವುದೆಂದರೆ ಎರಡೂ ಕಡೆ ಮುಖಗಳು ಬಿಗಿದವು, ಒಂದಷ್ಟು ತಿಂಗಳು ಬಿಗಿದೇ ಇದ್ದು ಆಮೇಲೆ ಸಡಿಲವಾದವು. ಮದುವೆಯಾಯಿತು. ಪವಿತ್ರಾಳ ಮನೆಯವರು ಮಾತಿನಲ್ಲಿ ಧಾರಾಳಿಗಳು. ಅವರಪ್ಪ ಒಂದು ವಾಕ್ಯ ಹೊರಡಿಸಿದರೆ ಅದು ಊರಿನ ಹೊಲಗಳನ್ನೆಲ್ಲ ಸುತ್ತಿ, ಕೆರೆ ಏರಿಯ ಮೇಲೆ ನಿಂತು ಬೀಡಿ ಸೇದಿ, ನಿಧಾನವಾಗಿ ಕ್ರಿಯಾಪದಕ್ಕೆ ಬರುತ್ತದೆ. ಅಂಥ ಮನೆಯಿಂದ ಬಂದ ಹುಡುಗಿಗೆ ನಮ್ಮ ಅಮ್ಮ ಸಿಕ್ಕಳು.

ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅಮ್ಮ ಇನ್ನೂ ಎರಡು ಮಗ್ಗ ಓಡಿಸುತ್ತಾಳೆ, ನಿಲ್ಲಿಸು ಎಂದರೆ ನಿಲ್ಲಿಸುವುದಿಲ್ಲ. ಪವಿತ್ರಾ ಸಂಜೆ ಕಾರ್ಖಾನೆಯಿಂದ ಬರುವ ಹೊತ್ತಿಗೆ ಅಮ್ಮ ಕಾಫಿ ಮಾಡಿ, ಲೋಟಕ್ಕೆ ಹಾಕಿ, ತಟ್ಟೆ ಮುಚ್ಚಿಟ್ಟು, ಮಗ್ಗದ ಕೋಣೆಯಿಂದಲೇ 'ಕಾಫಿ' ಎನ್ನುತ್ತಿದ್ದಳು. ಅಂದರೆ ನಿನಗೆ ಕಾಫಿ ಮಾಡಿಟ್ಟಿದ್ದೇನೆ, ಕುಡಿಯಮ್ಮ ಎಂದು. ಪವಿತ್ರಾ ಅದನ್ನು ಅಪ್ಪಣೆ ಎಂದುಕೊಂಡಳು. ದಣಿದು ಬಂದವಳು ಕೈಕಾಲು ತೊಳೆದು ಹೊಸದಾಗಿ ಕಾಫಿ ಕಾಸಿ ಅತ್ತೆಗೆ ಕೊಂಡೊಯ್ದು ಕೊಡುತ್ತಿದ್ದಳು. ಮುಚ್ಚಿಟ್ಟದ್ದು ಮಧ್ಯಾಹ್ನದ್ದಿರಬೇಕೆಂದು ಚೆಲ್ಲುತ್ತಿದ್ದಳು. ಅಮ್ಮ, ಸೊಸೆ ಎಷ್ಟು ಒಳ್ಳೆಯವಳು, ತನಗೂ ಬೇರೆ ಕಾಫಿ ಮಾಡಿ ತರುತ್ತಾಳೆ ಎಂದು ಖುಷಿಯಿಂದ ಕುಡಿಯುತ್ತಿದ್ದಳು. ತಿಂಗಳುಗಟ್ಟಲೆ ಇದು ನಡೆದು, ಒಂದು ದಿನ ನಾನು ಹೋದಾಗ ಬಯಲಾಗಿ, ಮೂವರೂ ನಕ್ಕಿದ್ದೆವು. ನಕ್ಕ ಮೇಲೆ ಎಲ್ಲ ಸರಿಯಾಯಿತೆಂದು ನಾನು ತಿಳಿದೆ.

ಸರಿಯಾಗಿರಲಿಲ್ಲ. ಒಂದು ದಿನ ಪವಿತ್ರಾಳ ಚಿಕ್ಕಮ್ಮ ನೋಡಲು ಬಂದಿದ್ದರು. ಅವರು ಹೋದ ಮಾರನೆಯ ದಿನ ಪವಿತ್ರಾ ತವರಿಗೆ ಹೊರಟಳು. ಎರಡು ದಿನ ಎಂದಿದ್ದಳು, ವಾರಗಳಾದವು. ಕೆಲಸಕ್ಕೂ ಅಲ್ಲಿಂದಲೇ ಹೋಗತೊಡಗಿದಳು. ಮಂಜ ಕರೆಯಲು ಹೋದವನು ಒಬ್ಬನೇ ವಾಪಸ್ಸು ಬಂದ. ಏನಂತೆ ಎಂದು ಕೇಳಿದರೆ 'ಬೇಜಾರು' ಎಂದ. ಅವನೂ ನಮ್ಮ ಮನೆಯವನೇ ತಾನೆ, ಯಾರಿಗೆ, ಯಾಕೆ ಎಂಬುದನ್ನು ಬಿಟ್ಟುಬಿಟ್ಟ. ಊಟ ಸೇರದೆ ಅವನ ಮುಖ ಚಿಕ್ಕದಾಗಿತ್ತು. ಅಮ್ಮ ತಡೆಯಲಾರದೆ ಒಂದು ಬೆಳಗ್ಗೆ ತಾನೇ ಪವಿತ್ರಾಳಿಗೆ ಫೋನು ಮಾಡಿದಳು. ಅಲ್ಲಿ ಫೋನು ಎತ್ತಿದ್ದು ಅವರಪ್ಪ. ಅಮ್ಮ 'ಯಾವಾಗ?' ಎಂದು ಕೇಳಿ ಫೋನು ಇಟ್ಟುಬಿಟ್ಟಳು.

ಮಧುರೆಯಲ್ಲಿ ಇದು ದೊಡ್ಡ ಮಾತಾಯಿತು. ಚೆನ್ನಾಗಿದ್ದೀರಾ ಅನ್ನಲಿಲ್ಲ, ಹುಡುಗಿ ಹೇಗಿದ್ದಾಳೆ ಅನ್ನಲಿಲ್ಲ, ಅಮಲ್ದಾರರು ಕೇಳಿದ ಹಾಗೆ ಕೇಳಿ, ಉತ್ತರ ಹೇಳುವಷ್ಟರಲ್ಲಿ ಫೋನೇ ಕಟ್ ಮಾಡಿದರು ಎಂದು ಬೀಗರು ಮಂಜನಿಗೆ ಬಹಳ ಉದ್ದವಾಗಿ ಹೇಳಿದರು. ಇನ್ನು ಸುಮ್ಮನಿದ್ದರೆ ಹುಡುಗಿ ಬರುವುದಿಲ್ಲ ಎನ್ನಿಸಿತು. ಸುತ್ತಿಗೆ ಹಿಡಿದವರಿಗೆ ಕಾಣುವುದೆಲ್ಲ ಮೊಳೆಯೇ. ಇಂಗ್ಲಿಷ್ ಮಿಸ್ಸಿಗೆ ಇದೊಂದು ವ್ಯಾಕರಣದ ಸಮಸ್ಯೆಯಾಗಿ ಕಂಡಿತು. ಅಮ್ಮನಿಂದ ಒಂದು ಪೂರ್ಣ ವಾಕ್ಯ ಹೇಳಿಸಿದರೆ ಸಾಕು, ಗಾಡಿ ಹೊರಡುತ್ತದೆ ಎಂದು ನಿರ್ಧರಿಸಿದೆ.

ಭಾನುವಾರ ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಧುರೆಗೆ ಹೊರಟೆ. ದಾರಿಯುದ್ದಕ್ಕೂ ವಾಕ್ಯ ಹೇಳಿಕೊಟ್ಟೆ. ಮೊದಲು ಹೆಸರು ಹೇಳು, ಆಮೇಲೆ ನಮಗೆಲ್ಲ ಬೇಜಾರಾಗಿದೆ ಅನ್ನು, ಕೊನೆಗೆ ಮನೆಗೆ ಬಾರಮ್ಮ ಅನ್ನು. ಎಲ್ಲಿ, ಹೇಳು ನೋಡೋಣ. ಹಿಂದಿನಿಂದ ಉತ್ತರವಿಲ್ಲ. ಇನ್ನೊಂದು ಸಲ ಹೇಳಿದೆ. ಆಗಲೂ ಇಲ್ಲ. ಮುನಿಸಿಕೊಂಡಿದ್ದಾಳೆ ಎಂದು ನನಗೂ ರೇಗಿತು. ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಅವಳನ್ನು ಇಳಿಸಿ, ಎದುರಿಗೆ ನಿಂತು ನಾಜಿಯಾಳಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟೆ. ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕೇಳಿ, ಒಂದಕ್ಷರ ತಪ್ಪದೆ ಒಪ್ಪಿಸಿದಳು. ಪೂರ್ತಿ ಅಂಕ ಕೊಡಬಹುದಾಗಿತ್ತು.

ಬೀಗರು ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ಅಂಗಳದಲ್ಲಿ ರಾಗಿ ಒಣಹಾಕಿದ್ದರು. ಕಾಫಿ ಬಂತು. ಅವರು ಮಳೆಯಿಂದ ಶುರುಮಾಡಿ, ರಾಗಿಗೆ ಬಂದು, ರಸ್ತೆ ಅಗಲ ಮಾಡುವ ಸುದ್ದಿಗೆ ಹೋಗಿ, ಅಲ್ಲಿಂದ ಹೆಣ್ಣು ಹೆತ್ತವರ ಸಂಕಟಕ್ಕೆ ಹೊರಳಿದರು. ಅವರ ಮೀಸೆ ದಪ್ಪ, ಬಾಯಿಯನ್ನೇ ಮುಚ್ಚಿಕೊಂಡಿತ್ತು. ಅಮ್ಮ ಅದನ್ನೇ ದಿಟ್ಟಿಸುತ್ತಾ ಕೂತಿದ್ದಳು. ಮಧ್ಯೆ ಅವರು ಊಟ ಮಾಡಿಕೊಂಡೇ ಹೋಗಬೇಕು ಎಂದಾಗ ಅಮ್ಮ 'ಚೆನ್ನಾಗಿದೆ' ಎಂದಳು. ಪಾಪ, ಗಾಬರಿ ಎಂದುಕೊಂಡೆ.

ಪವಿತ್ರಾ ಬಂದು ಬಾಗಿಲ ಹತ್ತಿರ ನಿಂತಳು. ಅವಳೂ ಸೊರಗಿದ್ದಳು. ನಾನು ಅಮ್ಮನ ಮೊಣಕೈ ಮುಟ್ಟಿದೆ. ಅಮ್ಮ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಸ್ಕೂಲಿನ ಪದ್ಯದ ಹಾಗೆ ಒಪ್ಪಿಸಿದಳು. ಪವಿತ್ರಾ, ನೀನಿಲ್ಲದೆ ನಮಗೆಲ್ಲ ಬೇಜಾರಾಗಿದೆ, ನೀನು ನಮ್ಮ ಮನೆಗೆ ಬಾರಮ್ಮ. ಕರ್ತೃ, ಕ್ರಿಯಾಪದ, ಕೊನೆಯಲ್ಲೊಂದು ಪೂರ್ಣವಿರಾಮ, ಎಲ್ಲವೂ ಇತ್ತು.

ಪವಿತ್ರಾ ಅಮ್ಮನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಅಕ್ಕ, ಇದು ನಿಮ್ಮ ಮಾತು. ಅತ್ತೇದಲ್ಲ."

ಅಮ್ಮನಿಗೆ ಚುಟುಕಾಗಿ ಮಾತಾಡಿ ಅಭ್ಯಾಸ, ಅದರಲ್ಲಿ ಸಿಟ್ಟೇನೂ ಇಲ್ಲ ಎಂದು ಏನೇನೋ ಹೇಳತೊಡಗಿದೆ. ಮಾತು ಉದ್ದವೋ ಗಿಡ್ಡವೋ ತನಗೆ ಅದರ ಚಿಂತೆಯೇ ಇಲ್ಲ, ಕಾಫಿ ವಿಷಯಕ್ಕೆ ಅವತ್ತೇ ನಕ್ಕಾಯಿತು ಎಂದು ಪವಿತ್ರಾ ತಡೆದಳು. ಅಷ್ಟರಲ್ಲಿ ಅಂಗಳದಲ್ಲಿ ರಾಗಿಗೆ ಕೋಳಿಗಳು ಬಾಯಿ ಹಾಕಿದವು. ಅವಳ ತಾಯಿ ಅಡುಗೆಮನೆಯಿಂದ ಬಂದು ಕೈ ತಟ್ಟಿ ಓಡಿಸಿದರು. ಪವಿತ್ರಾ ಅತ್ತ ಕೈ ತೋರಿಸಿದಳು.

"ನಮ್ಮನೇಲಿ ಕೈ ತಟ್ಟೋದು ಅದಕ್ಕೆ ಅಕ್ಕ. ಅವತ್ತು ನಮ್ಮ ಚಿಕ್ಕಮ್ಮನ ಮುಂದೇನೇ ಅತ್ತೆ ನನ್ನನ್ನ ಹಂಗೆ ಕರೆದ್ರು. ಅವರು ಏನಂದುಕೊಂಡ್ರೋ. ನಂಗೊಂದು ಹೆಸರಿಲ್ವಾ?"

ಚಪ್ಪಾಳೆ ನಮಗೆ ಎಷ್ಟು ಸಹಜವಾಗಿತ್ತೆಂದರೆ, ಅದು ಇನ್ನೊಬ್ಬರಿಗೆ ನೋಯಬಹುದೆಂದು ಹೊಳೆದೇ ಇರಲಿಲ್ಲ. ಅತ್ತೆ ಎಷ್ಟು ಸಲ ತಟ್ಟಿ ಕರೆಯುತ್ತಾರೆ ಎಂದು ಕೇಳಿದೆ. ಒಂದು ಸಲ ಎಂದಳು. ಅದು ನನಗೂ ಗೊತ್ತಿತ್ತು. ಒಂದು ಸಂಜೆ ನಾನು ಅಲ್ಲಿದ್ದಾಗಲೇ ಅಮ್ಮ ಒಂದು ಚಪ್ಪಾಳೆ ತಟ್ಟಿದ್ದಳು, ಪವಿತ್ರಾ ಎದ್ದು ಹೋಗಿದ್ದಳು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಒಂಟಿ ಚಪ್ಪಾಳೆಯನ್ನು ನಾನು ಕೇಳಿರಲಿಲ್ಲ. ನನಗೆ ಎರಡೇ, ಮಂಜನಿಗೆ ಮೂರೇ. ಅಪ್ಪನದನ್ನು ಅಮ್ಮ ಯಾರಿಗೂ ಕೊಟ್ಟಿರಲಿಲ್ಲ. ಅವತ್ತು ಸೊಸೆಗೆ ಕೊಟ್ಟಿದ್ದಳು. ಮಗಳಾದ ನನಗೆ ಸ್ವಲ್ಪ ಅಸೂಯೆಯೂ ಆಗಿತ್ತು. ಇದನ್ನೆಲ್ಲ ಈಗ ಪವಿತ್ರಾಳಿಗೆ ಹೇಳಿದೆ.

ಅವಳ ಕಣ್ಣು ತುಂಬಿಕೊಂಡವು. ಇಷ್ಟು ದಿನ ಇದನ್ನು ತನಗೆ ಯಾರು ಹೇಳಿದ್ದರು ಎಂದು ಮೆಲ್ಲಗೆ ಕೇಳಿದಳು. ಆದರೆ ಹಟ ಬಿಡಲಿಲ್ಲ. ಅಮ್ಮನ ಎದುರಿಗೆ ಬಂದು ನಿಂತು ಅವಳನ್ನೇ ಕೇಳಿದಳು.

"ಮಾವನೋರ್ದು ಅಂತ ಈಗ ಗೊತ್ತಾಯ್ತು ಅತ್ತೆ. ಆದ್ರೂ ಒಂದ್ಸಲನಾದ್ರೂ ಹೆಸರು ಹಿಡಿದು ಕೂಗಿದ್ರೆ ಏನಾಗ್ತಿತ್ತು?"

ಅಮ್ಮ ಅವಳ ತುಟಿಗಳನ್ನು ನೋಡುತ್ತಿದ್ದಳು. ಮಾತು ಮುಗಿದ ಮೇಲೂ ನೋಡುತ್ತಲೇ ಇದ್ದಳು. ಆಮೇಲೆ ತೊಡೆಯ ಮೇಲಿದ್ದ ತನ್ನ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ತಿರುಗಿಸಿದಳು. ಈಗ ಅವಳು ಹೇಳಿದ್ದು ನಾನು ಹೇಳಿಕೊಟ್ಟ ವಾಕ್ಯವಲ್ಲ, ಅಷ್ಟುದ್ದದ ಮಾತನ್ನು ಅವಳು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

"ಕೂಗಿದ್ರೆ ನಂಗೇ ಕೇಳ್ಸಲ್ಲ ಕಣಮ್ಮ. ಜೋರಾಗಿ ಕೂಗಿದ್ನೋ, ಮೆತ್ತಗೆ ಕೂಗಿದ್ನೋ, ಬಾಯಿಂದ ಈಚೆಗೆ ಬಂತೋ ಇಲ್ವೋ, ಒಂದೂ ತಿಳಿಯಲ್ಲ. ಕೈ ತಟ್ಟಿದ್ರೆ ಅಂಗೈಗಾದ್ರೂ ಗೊತ್ತಾಯ್ತದೆ."

ಫೋನಿನಲ್ಲಿ ಬೀಗರ ಉತ್ತರ, ಸ್ಕೂಟರಿನಲ್ಲಿ ನನ್ನ ಪಾಠ, ಯಾವುದೂ ಅವಳನ್ನು ಮುಟ್ಟಿರಲಿಲ್ಲ. ಮಗ್ಗದವರೆಲ್ಲ ತುಟಿ ನೋಡಿಯೇ ಮಾತಾಡುವವರಾದ್ದರಿಂದ ಯಾವತ್ತಿನಿಂದ ಅವಳ ಕಿವಿ ಕೇಳದಾಯಿತೆಂದು ಯಾರಿಗೂ ತಿಳಿದಿರಲಿಲ್ಲ. ನನಗೆ ತಡೆಯಲಾಗದೆ ಅಳು ಬಂತು. ಅಮ್ಮ ಮಾತ್ರ ಅಳಲಿಲ್ಲ. ಹೇಳಬಾರದ್ದನ್ನು ಹೇಳಿದೆನೇನೋ ಎಂಬಂತೆ ಸೊಸೆಯ ಮುಖ ನೋಡುತ್ತಿದ್ದಳು.

ಪವಿತ್ರಾ ಮಣೆಯೊಂದನ್ನು ಎಳೆದುಕೊಂಡು ಅಮ್ಮನ ಮೊಣಕಾಲಿಗೆ ತಾಗುವ ಹಾಗೆ ಕೂತಳು. ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡು, ತುಟಿ ಕಾಣುವ ಹಾಗೆ ನಿಧಾನವಾಗಿ, ಈಗ ಕರೆಯಿರಿ ಎಂದಳು. ಅಮ್ಮ 'ಪವಿತ್ರಾ' ಎಂದು ಕೂಗಿದಳು. ಓಡುವ ಮಗ್ಗವನ್ನು ದಾಟಿ ಬೀದಿಗೆ ಕೇಳುವಂಥ ಕೂಗು. ಬೀಗರು ಬೆಚ್ಚಿಬಿದ್ದರು. ಪವಿತ್ರಾ ನಗದೆ, ಅಂಗೈಯನ್ನು ಗಾಳಿಯಲ್ಲಿ ಕೆಳಕ್ಕೆ ಒತ್ತಿ ತೋರಿಸಿದಳು. ಅಮ್ಮ ಇನ್ನೊಮ್ಮೆ ಕರೆದಳು. ಈ ಸಲ ಬರೀ ತುಟಿ ಅಲುಗಿತು. ಪವಿತ್ರಾ ಅಂಗೈಯನ್ನು ಒಂದಿಷ್ಟು ಮೇಲಕ್ಕೆತ್ತಿದಳು. ಅಮ್ಮ ಆ ಕೈಯನ್ನೇ ನೋಡುತ್ತಾ, ಮಗ್ಗಕ್ಕೆ ಹೊಸ ಎಳೆ ಹೂಡುವಾಗಿನಷ್ಟು ಎಚ್ಚರಿಕೆಯಿಂದ, ಮತ್ತೊಮ್ಮೆ ಹೇಳಿದಳು. ಪಡಸಾಲೆಯಿಂದ ಅಡುಗೆಮನೆಗೆ ಮುಟ್ಟುವಷ್ಟು ಮಾತ್ರದ ದನಿ.

"ಬಂದೆ ಅತ್ತೆ" ಎಂದಳು ಪವಿತ್ರಾ, ಅಲ್ಲೇ ಎದುರಿಗೆ ಕೂತಿದ್ದವಳು. ಎದ್ದು, ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲ ಮೇಲೆ ಹಾಕಿಕೊಳ್ಳತೊಡಗಿದಳು.